ಒಬ್ಬರೇ ಗ್ಯಾಲಿಫ್ರೇಗೆ ಹೊರಟವರಿಗೆ

‘ಡಾಕ್ಟರ್ ಹೂ’ ಧಾರಾವಾಹಿ ಬಿಬಿಸಿಯಲ್ಲಿ ಶುರುವಾದದ್ದು 1963ರ ನವೆಂಬರ್ 23ರಂದು. ಅದರ ಅಮೆರಿಕದ ಅಭಿಮಾನಿಗಳು 1990ರಿಂದ ಲಾಸ್ ಏಂಜಲೀಸಿನಲ್ಲಿ ಜಾತ್ರೆ ನಡೆಸುತ್ತಾ ಬಂದಿದ್ದಾರೆ. ಹೆಸರು ಗ್ಯಾಲಿಫ್ರೇ ಒನ್. ಕಥಾನಾಯಕ ‘ಡಾಕ್ಟರ್’ನ ತವರು ಗ್ರಹ ಗ್ಯಾಲಿಫ್ರೇ. ಸಾಮಾನ್ಯವಾಗಿ ಫೆಬ್ರವರಿಯ ಶುಕ್ರವಾರದಿಂದ ಭಾನುವಾರದವರೆಗೆ, ವಿಮಾನ ನಿಲ್ದಾಣದ ಬಳಿಯ ಮ್ಯಾರಿಯಟ್ ಹೋಟೆಲಿನಲ್ಲಿ ನಡೆಯುತ್ತದೆ.

ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯ ಕನ್ನಡಿಗರಿಗೆ ಇದು ಕಾರಿನಲ್ಲೇ ಹೋಗಿಬರಬಹುದಾದ ದೂರ. ತೊಡಕು ಬೇರೆ: ಮನೆಯಲ್ಲಿ ಇನ್ಯಾರಿಗೂ ಈ ಧಾರಾವಾಹಿಯ ಗಂಧಗಾಳಿ ಇರುವುದಿಲ್ಲ. ಒತ್ತಾಯಕ್ಕೆ ಬಂದ ಸಂಗಾತಿ ಮೊದಲ ದಿನ ಮಧ್ಯಾಹ್ನಕ್ಕೇ ಆಕಳಿಸತೊಡಗಿದರೆ ಇಬ್ಬರ ವಾರಾಂತ್ಯವೂ ಕೆಟ್ಟಿತು. ಒಬ್ಬರೇ ಹೋಗುವುದೇ ಮೇಲು. ಒಂಟಿಯಾಗಿ ಹೋದವರಿಗೆ ಅಲ್ಲಿ ಮಾತಿಗೆ ಬರವಿಲ್ಲ. ಪಕ್ಕದ ಕುರ್ಚಿ ಕಾಯುವವರು, ಊಟ ತಂದುಕೊಡುವವರು ಇರುವುದಿಲ್ಲ, ಅಷ್ಟೇ. ತಯಾರಿ ಬೇಕಾದದ್ದು ಅದಕ್ಕೆ.

ಮೊದಲು ಟಿಕೆಟ್, ಆಮೇಲೆ ಕೋಣೆ

ಟಿಕೆಟುಗಳ ಸಂಖ್ಯೆಗೆ ಮಿತಿಯಿದೆ, ತಿಂಗಳುಗಳ ಮೊದಲೇ ಮಾರಾಟ ಶುರುವಾಗುತ್ತದೆ. ಬಾಗಿಲಲ್ಲಿ ನಿಂತು ಕೊಳ್ಳುವ ಆಸೆ ಬೇಡ. ಬೇರೆಯವರ ಟಿಕೆಟ್ ಪಡೆಯುವುದಾದರೆ ಸಂಘಟಕರು ಒಪ್ಪುವ ರೀತಿಯಲ್ಲೇ ಹೆಸರು ಬದಲಾಯಿಸಿಕೊಳ್ಳಿ. ಹಣ ಕೊಡುವುದು ಅದರ ನಂತರ.

ಮ್ಯಾರಿಯಟ್‌ನಲ್ಲೇ ಕೋಣೆ ಸಿಕ್ಕರೆ ಅದೃಷ್ಟ. ಸಿಗದಿದ್ದರೆ ಸೆಂಚುರಿ ಬುಲೆವಾರ್ಡ್ ಉದ್ದಕ್ಕೂ ಹಿಲ್ಟನ್, ಶೆರಾಟನ್ ಮುಂತಾದ ಹೋಟೆಲುಗಳಿವೆ. ಬಾಡಿಗೆ ಉಳಿಸಲು ಅಪರಿಚಿತರೊಡನೆ ಕೋಣೆ ಹಂಚಿಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ. ದಿನವಿಡೀ ಜನರ ನಡುವೆ ಇದ್ದವರಿಗೆ ರಾತ್ರಿ ಹಾಕಿಕೊಳ್ಳಲು ಒಂದು ಬಾಗಿಲು ಬೇಕು. ಎಷ್ಟು ಹೊತ್ತಿಗೆ ಎಲ್ಲಿರುತ್ತೀರಿ ಎಂಬುದನ್ನು ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿರಿ.

ರಿಬ್ಬನ್ ಮಾಡಿಸಿಕೊಳ್ಳಿ

ಒಂಟಿಯಾಗಿ ಬಂದವರಿಗೆ ಈ ಜಾತ್ರೆ ಕೊಡುವ ದೊಡ್ಡ ಆಸರೆ ರಿಬ್ಬನ್. ಕೊರಳಲ್ಲಿ ತೂಗುವ ಬ್ಯಾಡ್ಜಿನ ಕೆಳಗೆ ಬಣ್ಣಬಣ್ಣದ ಪುಟ್ಟ ರಿಬ್ಬನ್ ಪಟ್ಟಿಗಳನ್ನು ಒಂದರ ಕೆಳಗೊಂದು ಅಂಟಿಸುತ್ತಾ ಹೋಗುವುದು ಇಲ್ಲಿನ ರೂಢಿ. ಅಭಿಮಾನಿಗಳೇ ತಮ್ಮ ಇಷ್ಟದ ಪಾತ್ರ, ಸಂಚಿಕೆ, ತಮಾಷೆಯ ಸಾಲುಗಳನ್ನು ಹಾಕಿ ಅಚ್ಚು ಮಾಡಿಸಿ ತರುತ್ತಾರೆ. ಭಾನುವಾರದ ಹೊತ್ತಿಗೆ ಕೆಲವರ ಸರ ಮೊಣಕಾಲು ದಾಟಿರುತ್ತದೆ.

ಕೊಟ್ಟು ತೆಗೆದುಕೊಳ್ಳಲು ನಿಮ್ಮ ಬಳಿಯೂ ಇರಲಿ. ನೂರು ಪಟ್ಟಿ ಸಾಕು. ಅಚ್ಚಾಗಿ ಕೈಸೇರಲು ವಾರಗಳೇ ಹಿಡಿಯಬಹುದು, ಡಿಸೆಂಬರಿನಲ್ಲೇ ಹೇಳಿಡಿ. ಕನ್ನಡ ಲಿಪಿಯಲ್ಲಿ ಒಂದು ಸಾಲು ಹಾಕಿಸಿದರೆ ಇದ್ಯಾವ ಬರಹ ಎಂದು ಕೇಳದೆ ಮುಂದೆ ಹೋಗುವವರು ಕಡಿಮೆ. ಎದುರಾದವರನ್ನು ನೇರ ‘ರಿಬ್ಬನ್ ಇದೆಯಾ’ ಎಂದು ಕೇಳಬೇಡಿ. ಅವರ ವೇಷದ ಬಗ್ಗೆಯೋ, ಮೆಚ್ಚಿನ ಡಾಕ್ಟರ್ ಯಾರೆಂದೋ ಮೊದಲು ಮಾತಾಡಿಸಿ. ಭಾರತದಿಂದ ಬಂದವರಿಗೆ ಹೇಳಲು ವಿಷಯವೂ ಇದೆ: ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ಲಖನೌನಲ್ಲಿ, 2018ರ ‘ಡೀಮನ್ಸ್ ಆಫ್ ದಿ ಪಂಜಾಬ್’ ಸಂಚಿಕೆ ನಡೆಯುವುದು 1947ರ ದೇಶವಿಭಜನೆಯ ದಿನಗಳಲ್ಲಿ, 2025ರಲ್ಲಿ ಡಾಕ್ಟರ್ ಜೊತೆ ಅಲೆಯುವ ಬೆಲಿಂಡಾ ಚಂದ್ರಾ ಪಾತ್ರದ ವರದಾ ಸೇತು ಹುಟ್ಟಿದ್ದು ಕೇರಳದಲ್ಲಿ.

ಆ ಮೂರು ದಿನ

ಗುರುವಾರ ಸಂಜೆಯೇ ತಲುಪಿ. ಆ ರಾತ್ರಿ ಹೋಟೆಲಿನ ಲಾಬಿಯಲ್ಲಿ ಕಾರ್ಯಕ್ರಮದ ಒತ್ತಡವಿಲ್ಲದ ಜನ ಸಿಗುತ್ತಾರೆ. ಮಾರನೆಯ ದಿನ ಅದೇ ಮುಖಗಳು ಕಂಡಾಗ ಜಾತ್ರೆ ಅಷ್ಟು ದೊಡ್ಡದೆನಿಸುವುದಿಲ್ಲ.

ಏಕಕಾಲಕ್ಕೆ ಹಲವು ಕೋಣೆಗಳಲ್ಲಿ ಗೋಷ್ಠಿ, ಸಂವಾದ ನಡೆಯುತ್ತವೆ. ದಿನಕ್ಕೆ ಎರಡು ಮಾತ್ರ ತಪ್ಪಿಸಬಾರದ್ದೆಂದು ಗುರುತು ಹಾಕಿ, ಉಳಿದದ್ದನ್ನು ಕಾಲು ಎಳೆದತ್ತ ಬಿಡಿ. ನಟರು ಬರುವ ದೊಡ್ಡ ವೇದಿಕೆಗಿಂತ ಅಭಿಮಾನಿಗಳೇ ವಾದ ಮಾಡುವ ಚಿಕ್ಕ ಕೋಣೆಗಳು ನನಗೆ ರುಚಿಸುತ್ತವೆ. ಅಲ್ಲಿ ಕೈಯೆತ್ತಿ ಒಂದು ಪ್ರಶ್ನೆ ಕೇಳಿದರೂ ಹೊರಬಂದ ಮೇಲೆ ಯಾರಾದರೂ ಮಾತು ಮುಂದುವರಿಸುತ್ತಾರೆ. ಸಾಲಿನ ತುದಿಯ ಕುರ್ಚಿ ಹಿಡಿಯಿರಿ, ಎದ್ದುಹೋಗಲು ಸುಲಭ. ಬೇಕಾದ ಗೋಷ್ಠಿಗೆ ಮೊದಲೇ ಶೌಚಾಲಯಕ್ಕೆ ಹೋಗಿಬನ್ನಿ, ಜಾಗ ಕಾಯಲು ಯಾರೂ ಇಲ್ಲ!

ಹಸ್ತಾಕ್ಷರಕ್ಕೆ, ನಟರ ಜೊತೆ ಫೋಟೊಗೆ ಬೇರೆಯೇ ಹಣ. ಆಸೆಗೆ ಮೊದಲೇ ಮಿತಿ ಹಾಕಿಕೊಳ್ಳಿ. ವೇಷ ಹಾಕಲೇಬೇಕೆಂದಿಲ್ಲ. ಹಾಕುವ ಮನಸ್ಸಿದ್ದರೆ ಡಾಕ್ಟರ್ ಪಾತ್ರದಲ್ಲಿ ಟಾಮ್ ಬೇಕರ್ ಧರಿಸುತ್ತಿದ್ದಂಥ ಪಟ್ಟೆಪಟ್ಟೆಯ ಉದ್ದ ಸ್ಕಾರ್ಫ್ ಒಂದೇ ಸಾಕು. ಹವಾನಿಯಂತ್ರಣದ ಚಳಿಗೂ ಆಗಿಬರುತ್ತದೆ. ಬೇರೆಯವರ ವೇಷ ಎಷ್ಟೇ ಚೆಂದವಿರಲಿ, ಕೇಳದೆ ಕ್ಯಾಮೆರಾ ಎತ್ತಬಾರದು. ನಿಮ್ಮ ಮೈ ಮುಟ್ಟಿ ಫೋಟೊಗೆ ನಿಲ್ಲುವವರಿಗೂ ಬೇಡ ಎನ್ನಬಹುದು. ಕಿರಿಕಿರಿ ಮುಂದುವರಿದರೆ ಕಾರ್ಯಕರ್ತರಿಗೆ ಹೇಳಿ.

ಊಟದ್ದು ಸ್ವಲ್ಪ ಫಜೀತಿಯೇ. ಹೋಟೆಲಿನೊಳಗೆ ದುಬಾರಿ, ಸಸ್ಯಾಹಾರಿಗಳಿಗೆ ಆಯ್ಕೆಯೂ ಕಡಿಮೆ. ಚೀಲದಲ್ಲಿ ನೀರಿನ ಬಾಟಲಿ, ಒಗ್ಗರಣೆ ಅವಲಕ್ಕಿ, ಕೋಡುಬಳೆ ಇಟ್ಟುಕೊಳ್ಳಿ. ರಾತ್ರಿಯ ಊಟಕ್ಕೆ ಯಾರಾದರೂ ಕರೆದರೆ ಒಪ್ಪಿಕೊಳ್ಳಿ, ಆದರೆ ಜನ ಓಡಾಡುವ ಜಾಗದಲ್ಲೇ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಸದ್ದು ಸಾಕೆನಿಸುತ್ತದೆ. ಕೋಣೆಗೆ ಹೋಗಿ ಒಂದು ಗಂಟೆ ಮಲಗಿ. ಆ ಸಂಜೆಯ ವೇಷಭೂಷಣ ಸ್ಪರ್ಧೆ ತಪ್ಪಿಸಿಕೊಳ್ಳಬಾರದು.

ಕಾರಿನ ಬದಲು ವಿಮಾನದಲ್ಲಿ ಮರಳುವುದಾದರೆ ಭಾನುವಾರ ರಾತ್ರಿಗೆ ಕಾದಿರಿಸಬೇಡಿ, ಕೊನೆಯ ಗೋಷ್ಠಿಯುದ್ದಕ್ಕೂ ಗಡಿಯಾರ ನೋಡುತ್ತಾ ಕೂರಬೇಕಾಗುತ್ತದೆ. ಸೋಮವಾರ ಅಮೆರಿಕದಲ್ಲಿ ಪ್ರೆಸಿಡೆಂಟ್ಸ್ ಡೇ ರಜೆ ಬಿದ್ದಿದ್ದರೆ ನಿಲ್ದಾಣ ಗಿಜಿಗುಡುತ್ತದೆ, ಬೇಗ ಹೊರಡಿ. ಸಾವಿರಾರು ಜನರ ನಡುವೆ ಮೂರು ದಿನ ಇದ್ದು ಬಂದವರಿಗೆ ನೆಗಡಿ, ಗಂಟಲು ಕೆರೆತ ಮಾಮೂಲು. ವಿಮಾನದಲ್ಲಿ ಮಾಸ್ಕ್ ಹಾಕಿಕೊಳ್ಳಿ, ಸಾಧ್ಯವಾದರೆ ಮಂಗಳವಾರಕ್ಕೂ ರಜೆ ಬರೆದಿಡಿ.