ಮನಸ್ಸಿಗೂ ಒಂದು ಲೆಕ್ಕದ ಪುಸ್ತಕ ಇಡಿ

ಯಜಮಾನರು ತೀರಿಹೋದ ವರ್ಷ ನನಗೆ ಬೆಳಗಾದರೆ ಭಯ, ರಾತ್ರಿಯಾದರೆ ಭಯ. ಆಗ ಡಾಕ್ಟರಮ್ಮ ಮಾತ್ರೆಯ ಜೊತೆಗೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಎಂಬ, ಯೋಚನೆಯನ್ನು ಬರೆದು ಪರೀಕ್ಷಿಸುವ ವಿದ್ಯೆಯನ್ನೂ ಕಲಿಸಿಕೊಟ್ಟರು. ಅಮೆರಿಕದ ಆರನ್ ಬೆಕ್ ಎಂಬ ಡಾಕ್ಟರು 1960ರ ದಶಕದಲ್ಲಿ ಶುರುಮಾಡಿದ್ದು. ಅಭ್ಯಾಸವಾದರೆ ಹಾಲಿನ ಲೆಕ್ಕ ಬರೆದಷ್ಟೇ ಕೆಲಸ. ಮನೆಯ ಮಕ್ಕಳು ಕೇಳಿದಾಗೆಲ್ಲ ಹೇಳುತ್ತಿರುತ್ತೇನೆ, ನೀವೂ ಕೇಳಿ.

• ಇದಕ್ಕೆಂದು ಹೊಸ ಡೈರಿ ಕೊಳ್ಳಬೇಡಿ. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆ ಸಾಕು. ಚೆಂದದ ಪುಸ್ತಕವಾದರೆ ಹಾಳಾಗುತ್ತದೆಂದು ಬರೆಯುವುದೇ ಇಲ್ಲ. ಪೆನ್ನಿಗೆ ದಾರ ಕಟ್ಟಿ ಅದಕ್ಕೇ ತಗುಲಿಸಿ. ಎದೆ ಹೊಡೆದುಕೊಳ್ಳುವಾಗ ಪೆನ್ನು ಹುಡುಕುವ ತಾಳ್ಮೆ ಇರುವುದಿಲ್ಲ.

• ಎದೆ ಧಸಕ್ಕೆಂದ ಕೂಡಲೇ ಮೂರು ಸಾಲು ಬರೆಯಿರಿ: ಏನಾಯಿತು, ಮನಸ್ಸು ಏನಂದಿತು, ಸಂಕಟ 100ಕ್ಕೆ ಎಷ್ಟು. "ರಾತ್ರಿ ಬರೆದರಾಯ್ತು" ಎನ್ನಬೇಡಿ. ರಾತ್ರಿಯ ಹೊತ್ತಿಗೆ ಸಂಕಟ ಉಳಿದಿರುತ್ತದೆ, ಅದನ್ನು ತಂದ ಮಾತು ಮರೆತುಹೋಗಿರುತ್ತದೆ.

• ಆದದ್ದನ್ನೂ ಅಂದುಕೊಂಡದ್ದನ್ನೂ ಬೆರೆಸಬೇಡಿ. ತಂಗಿಯ ಮಗಳಿಗೆ ಆಫೀಸಿನ ಮೇಲಿನವರಿಂದ "ನಾಳೆ ಸ್ವಲ್ಪ ಮಾತಾಡೋಣ" ಎಂದು ಮೆಸೇಜ್ ಬಂತು. ಅವಳು ಪುಸ್ತಕದಲ್ಲಿ "ಕೆಲಸ ಹೋಯಿತು" ಎಂದು ಬರೆದಳು. ಹೊಡೆದುಹಾಕು, ಬಂದದ್ದು ಮೆಸೇಜ್ ಅಷ್ಟೇ ಎಂದೆ. ಆಮೇಲೆ ಹಾಳೆಯ ನಡುವೆ ಗೆರೆ ಎಳೆಸಿದೆ. ಕೆಲಸ ಹೋಗುತ್ತದೆ ಎನ್ನಲು ಏನು ಆಧಾರ ಎಂಬುದು ಈ ಕಡೆ, ಹೋಗಲಿಕ್ಕಿಲ್ಲ ಎನ್ನಲು ಏನು ಆಧಾರ ಎಂಬುದು ಆ ಕಡೆ. ಈ ಕಡೆ ಒಂದೂವರೆ ಸಾಲು. ಆ ಕಡೆ, ಹೋದ ತಿಂಗಳಷ್ಟೇ ಹೊಸ ಕೆಲಸ ವಹಿಸಿದ್ದಾರೆ, ಪಕ್ಕದವಳನ್ನೂ ಹೀಗೇ ಕರೆದಿದ್ದರು ಎಂದು ಬರೆಯುತ್ತಾ ಹೋದಳು. 90 ಇದ್ದ ಸಂಕಟ 50ಕ್ಕೆ ಇಳಿಯಿತು. ಸೊನ್ನೆಯಾಗಲಿ ಎಂದು ಕಾಯಬೇಡಿ. 50ಕ್ಕೆ ಇಳಿದರೆ ಊಟ ಸೇರುತ್ತದೆ.

• "ಮಗು ಫೇಲಾದರೆ ಏನು ಗತಿ?" ಎಂದು ಪ್ರಶ್ನೆಯಾಗಿ ಬರೆಯಬೇಡಿ. ಪ್ರಶ್ನೆಗೆ ಆಧಾರ ಹುಡುಕುವುದು ಹೇಗೆ? "ಮಗು ಫೇಲಾಗುತ್ತದೆ, ಆಮೇಲೆ ಅದರ ಬಾಳು ಮುಗಿಯಿತು" ಎಂದು ಮನಸ್ಸಿನಲ್ಲಿರುವುದನ್ನೇ ನೇರವಾಗಿ ಬರೆಯಿರಿ. ಆಗ ಅದು ವಿಚಾರಣೆಗೆ ಸಿಗುತ್ತದೆ.

• ಉತ್ತರವಾಗಿ "ಎಲ್ಲಾ ಒಳ್ಳೇದೇ ಆಗುತ್ತೆ" ಎಂದು ಬರೆದು ಮುಗಿಸಬೇಡಿ, ಮನಸ್ಸು ನಂಬುವುದಿಲ್ಲ. ಇದೇ ಕಷ್ಟ ಗೆಳತಿಗೆ ಬಂದಿದ್ದರೆ ಅವಳಿಗೆ ಏನು ಹೇಳುತ್ತಿದ್ದಿರೋ ಅದನ್ನು ಬರೆಯಿರಿ. ಅವಳ ಮೇಲೆ ತೋರಿಸುವ ಕರುಣೆಯನ್ನು ನಮ್ಮ ಮೇಲೆ ತೋರಿಸಲು ಮರೆತೇಬಿಡುತ್ತೇವೆ.

• "ಯಾವಾಗಲೂ", "ಎಲ್ಲರೂ", "ಒಂದೂ" ಎಂಬ ಮಾತು ಕಂಡಲ್ಲಿ ಅಡಿಗೆರೆ ಹಾಕಿ. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾದದ್ದನ್ನು "ನನಗೆ ಒಂದೂ ಬರಲ್ಲ" ಎಂದು ಬರೆದಿರುತ್ತೀರಿ.

• ಮನಸ್ಸು ಬಂದಮೇಲೆ ಏಳುತ್ತೇನೆ ಎಂದು ಮಲಗಿರಬೇಡಿ. ಖಿನ್ನತೆಯಲ್ಲಿ ಮನಸ್ಸು ತಾನಾಗಿ ಬರುವುದಿಲ್ಲ; ಕೈ ಮೊದಲು ಆಡಬೇಕು, ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ. ಹಾಗೆಂದು ಇಡೀ ಅಡುಗೆಮನೆ ತೊಳೆಯಲು ಹೊರಡಬೇಡಿ, ಅರ್ಧಕ್ಕೆ ಕೈಸೋತು ಇನ್ನಷ್ಟು ಕುಗ್ಗುತ್ತೀರಿ. ಎರಡು ಲೋಟ ತೊಳೆಯಿರಿ. ಬೀದಿಯ ಕೊನೆಯವರೆಗೆ ಹೋಗಿ ಕೊತ್ತಂಬರಿ ತನ್ನಿ. ಮಾಡಿದ ಮೇಲೆ ಖುಷಿಗೆ 10ಕ್ಕೆ ಎಷ್ಟು, ಸಾಧಿಸಿದ್ದಕ್ಕೆ 10ಕ್ಕೆ ಎಷ್ಟು ಎಂದು ಬೇರೆಬೇರೆಯಾಗಿ ಅಂಕ ಕೊಡಿ. ನಾನು ಮೊದಲ ವಾರ ಮಲ್ಲಿಗೆ ಗಿಡಕ್ಕೆ ನೀರು ಹಾಕಿ ಖುಷಿಗೆ 1 ಕೊಟ್ಟಿದ್ದೆ, ಸಾಧಿಸಿದ್ದಕ್ಕೆ 6. ಆ 6ನ್ನು ನೋಡಿಯೇ ಮರುದಿನ ಎದ್ದದ್ದು.

• ಚಿಂತೆಗೆ ಸಂಜೆ 15 ನಿಮಿಷ ಗೊತ್ತುಮಾಡಿ. ಬೆಳಗ್ಗೆ ಬಂದ ಚಿಂತೆಯನ್ನು ಒಂದು ಪದದಲ್ಲಿ ಬರೆದು "ಆರು ಗಂಟೆಗೆ ಬಾ" ಎಂದು ಕಳಿಸಿ. ಆರಕ್ಕೆ ಕೂತಾಗ ಅರ್ಧಕ್ಕರ್ಧ ಬಣ್ಣ ಕಳೆದುಕೊಂಡಿರುತ್ತವೆ. ಮಲಗುವ ಹೊತ್ತಿಗೆ ಮಾತ್ರ ಇದನ್ನು ಇಟ್ಟುಕೊಳ್ಳಬೇಡಿ, ನಿದ್ದೆ ಕೆಡುತ್ತದೆ.

• ಹೆದರಿದ್ದಕ್ಕೆ ಪೂರಾ ಬೆನ್ನು ಹಾಕಬೇಡಿ, ಒಮ್ಮೆ ಬಿಟ್ಟರೆ ಮುಂದಿನ ಸಲ ಅದು ದೊಡ್ಡದಾಗಿ ಕಾಣುತ್ತದೆ. ಬಸ್ಸಿನ ಭಯವಿದ್ದರೆ ಮೊದಲು ನಿಲ್ದಾಣದಲ್ಲಿ ನಿಂತು ಬನ್ನಿ, ಆಮೇಲೆ ಜೊತೆಗಾರರೊಂದಿಗೆ ಒಂದು ಸ್ಟಾಪ್, ಆಮೇಲೆ ಒಬ್ಬರೇ. ಎದೆ ಜೋರಾದ ಗಳಿಗೆಯಲ್ಲಿ ಇಳಿದುಬಿಡಬೇಡಿ; ಇಳಿದದ್ದರಿಂದಲೇ ಬದುಕಿದೆ ಎಂದು ಮನಸ್ಸು ಪಾಠ ಕಲಿಯುತ್ತದೆ. ಸ್ವಲ್ಪ ಕೂತಿರಿ, ಏರಿದ ಭಯ ಇಳಿಯುವುದನ್ನು ಕಣ್ಣಾರೆ ನೋಡಿ. ಎದೆನೋವು ಹೊಸದಾದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.

• "ಏನೂ ಆಗಲ್ಲ ಅಲ್ವಾ?" ಎಂದು ಮನೆಯವರನ್ನು ದಿನಕ್ಕೆ ಹತ್ತು ಸಲ ಕೇಳಬೇಡಿ, ಗೂಗಲ್ಲನ್ನೂ ಕೇಳಬೇಡಿ. ಆ ಸಮಾಧಾನ ಒಂದು ಕಾಫಿಯಷ್ಟು ಹೊತ್ತೂ ನಿಲ್ಲುವುದಿಲ್ಲ.

• ಎಲ್ಲವನ್ನೂ ಈ ಸೋಮವಾರವೇ ಶುರುಮಾಡಬೇಡಿ. ಒಂದನ್ನು ಹಿಡಿದು ಎರಡು ವಾರ ಮಾಡಿ. ಓದಬೇಕೆನಿಸಿದರೆ ಲೈಬ್ರರಿಯಲ್ಲಿ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳನ್ನು ಕೇಳಿ, ನಮ್ಮ ಭಾಷೆಯಲ್ಲೇ ತಿಳಿಹೇಳಿದ್ದಾರೆ.

• ಪುಸ್ತಕ ಬರೆಯುತ್ತಿದ್ದೇನೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಎರಡು ವಾರವಾದರೂ ಮಂಕು ಸರಿಯದಿದ್ದರೆ ಡಾಕ್ಟರನ್ನು ಕಾಣಿ, ಥೈರಾಯ್ಡ್ ಕೂಡ ನೋಡಿಸಿ. ಅದು ಕಡಿಮೆಯಾದರೂ ಹೀಗಾಗುತ್ತದೆ. ಬದುಕೇ ಬೇಡ ಎಂಬ ಯೋಚನೆ ಬಂದರೆ ಪುಸ್ತಕ ಮುಚ್ಚಿ, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಾಚಿಕೆಪಡಬೇಡಿ ಕಣ್ರಮ್ಮ.

• ತುಂಬಿದ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಕೊನೆಯ ಹಾಳೆಯಲ್ಲಿ ಈ ಸಲ ಯಾವುದರಿಂದ ಗುಣವಾಯಿತು ಎಂದು ನಾಲ್ಕು ಸಾಲು ಬರೆದು, ಬೀರುವಿನಲ್ಲಿ ರೇಷನ್ ಕಾರ್ಡಿನ ಜೊತೆ ಇಡಿ. ಮಂಕು ಮತ್ತೆ ಬಂದರೆ ಹುಡುಕದೆ ಕೈಗೆ ಸಿಗಲಿ.