ಮೊದಲು ನಡೆ, ಆಮೇಲೆ ನುಡಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮ್ಮ ಸಭೆಗಳು ಸಣ್ಣವು. ಎಷ್ಟೋ ಊರುಗಳಲ್ಲಿ ಇಡೀ ಓಣಿಗೆ ಕ್ರೈಸ್ತರ ಮನೆ ಒಂದೋ ಎರಡೋ. ಯೇಸುಸ್ವಾಮಿ ಎಂಥವನು ಎಂದು ಅಲ್ಲಿಯ ಜನ ತಿಳಿಯುವುದು ಬೈಬಲ್ ಓದಿ ಅಲ್ಲ, ನಿಮ್ಮನ್ನು ನೋಡಿ. "ಸಾಕ್ಷಿ ಹೇಳಬೇಕೆಂಬ ಆಸೆಯಿದೆ, ಆದರೆ ನಾಲ್ಕು ಮಂದಿ ಮುಂದೆ ಮಾತು ಬರುವುದಿಲ್ಲ" ಎಂದು ನಿಮ್ಮಲ್ಲಿ ಹಲವರು ಹಿಂಜರಿಯುತ್ತೀರಿ. ಹಿಂಜರಿಯಬೇಡಿ. ಸೋಮವಾರದಿಂದ ಶನಿವಾರದವರೆಗೆ ನೀವು ಬಾಳುವ ರೀತಿಯೇ ನಿಮ್ಮ ಮೊದಲ ಸಾಕ್ಷಿ.

ಇಂಡಿಯ ಲಿಂಬೆ ತೋಟಗಳಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತು: ಚೀಲ ತುಂಬುವಾಗ ತಳಕ್ಕೆ ಸಣ್ಣ ಕಾಯಿ, ಡಾಗು ಬಿದ್ದ ಹಣ್ಣು ಹಾಕಿ, ಬಾಯಿಗೆ ದಪ್ಪ ಹಳದಿ ಹಣ್ಣು ಜೋಡಿಸುವುದು ಕಷ್ಟವೇನಲ್ಲ. ಕೊಳ್ಳುವವನು ಚೀಲ ಸುರುವಿ ನೋಡಿದಾಗ ತಳದಲ್ಲೂ ಮೇಲಿನಂಥದೇ ಹಣ್ಣು ಕಂಡರೆ, ಮರುವಾರ ಅವನು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾನೆ. ಸಿಂದಗಿ ಕಡೆಯಿಂದ ದುಡಿಮೆಗೆಂದು ದೂರದ ಊರಿಗೆ ಹೋಗುವವರೂ ಹಾಗೆಯೇ. ಮುಂಗಡ ಹಣ ಪಡೆದ ಮೇಲೆ ಮಾತಿಗೆ ತಪ್ಪಬೇಡಿ. ನೀವೇ ಗುಂಪಿನ ಮುಂದಾಳಾದರೆ, ಓದು ಬಾರದವನ ಲೆಕ್ಕದಲ್ಲಿ ಒಂದು ರೂಪಾಯಿಯನ್ನೂ ಹಿಡಿದುಕೊಳ್ಳಬೇಡಿ. ಸಾಲ ತೆಗೆದುಕೊಂಡರೆ ಹೇಳಿದ ದಿನಕ್ಕೆ ಕೊಡಿ. ಕೊಡಲಾಗದಿದ್ದರೆ ಮುಖ ಮರೆಸಿಕೊಂಡು ತಿರುಗದೆ, ಹೋಗಿ ಎದುರು ನಿಂತು ಹೇಳಿ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನುವಂತಿರಲಿ ನಿಮ್ಮ ಮಾತು ಎಂದು ಕರ್ತನು ಬೆಟ್ಟದ ಮೇಲೆ ಬೋಧಿಸಿದ್ದು ಇಂಥ ಗಳಿಗೆಗಳಿಗಾಗಿಯೇ.

ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ನಡೆ-ನುಡಿ ಒಂದಾಗಿರಬೇಕು, ಬೆವರು ಸುರಿಸಿ ದುಡಿಯಬೇಕು, ದುಡಿದದ್ದನ್ನು ಹಂಚಿಕೊಳ್ಳಬೇಕು ಎಂಬ ಮಾತನ್ನು ಈ ನೆಲ ಹನ್ನೆರಡನೆಯ ಶತಮಾನದಿಂದ ಕೇಳಿಕೊಂಡು ಬಂದಿದೆ. ಇಲ್ಲಿಯ ಜನ ಯಾರನ್ನೇ ಆಗಲಿ ಆ ಒರೆಗಲ್ಲಿಗೆ ಹಚ್ಚಿಯೇ ನೋಡುತ್ತಾರೆ. ನೋಡಲಿ. ಅದಕ್ಕೆ ಅಂಜದೆ ಬಾಳೋಣ. ಅವರ ಶರಣರನ್ನು, ದೇವರನ್ನು ಹಳಿಯುವ ಮಾತು ಮಾತ್ರ ನಮ್ಮ ಬಾಯಲ್ಲಿ ಬರಬಾರದು. ಹಳಿದು ಯಾರ ಮನಸ್ಸನ್ನೂ ಗೆಲ್ಲಲಾಗದು.

ನಮ್ಮ ಹಿರಿಯರನ್ನು ನೆನೆಯಿರಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1851ರಲ್ಲಿ, ಹಿಂದೆ ನಮ್ಮ ಜಿಲ್ಲೆಯಲ್ಲೇ ಇದ್ದ ನೇಕಾರರ ಊರು ಗುಳೇದಗುಡ್ಡದಲ್ಲಿ ನೆಲೆ ಮಾಡಿಕೊಂಡರು. ಆ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದದ್ದು ಸುವಾರ್ತೆ ಸಾರಲಿಕ್ಕೆ. ಆದರೆ ಜನರಿಗೆ ಹೇಳುವ ಮೊದಲು ಜನರಿಂದ ಕಲಿಯಲು ಕುಳಿತರು. ಕನ್ನಡದ ಛಂದಸ್ಸು ಕಲಿತು, 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು 'ಕಥಾಮಾಲೆ' ಎಂದು ಪದ್ಯದಲ್ಲಿ ಬರೆದರು. 1894ರಲ್ಲಿ ಅವರ ನಿಘಂಟು ಸುಮಾರು 70,000 ಪದಗಳೊಂದಿಗೆ ಅಚ್ಚಾಯಿತು. ಇಂದು ಎಲ್ಲ ಧರ್ಮದ ಕನ್ನಡಿಗರೂ ಅವರ ಹೆಸರನ್ನು ಪ್ರೀತಿಯಿಂದ ಹೇಳುತ್ತಾರೆ. ಕೇಳುವವರನ್ನು ಗೌರವಿಸಿದವನ ಸಾಕ್ಷಿ ಹೀಗೆ ಬಾಳುತ್ತದೆ.

ಹಾಗಾದರೆ ಬಾಯಿ ಮುಚ್ಚಿಕೊಂಡೇ ಇರಬೇಕೆ? ಇಲ್ಲ. ಕೇಳಿದಾಗ ಹೇಳಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಹೇಳಿರಿ ಎಂಬುದು ಅಪೊಸ್ತಲ ಪೇತ್ರನ ಬುದ್ಧಿಮಾತು. ಪಕ್ಕದ ಮನೆಯಾಕೆ, "ಯಕ್ಕಾ, ಇಷ್ಟ್ ತ್ರಾಸಿನ್ಯಾಗೂ ಹ್ಯಾಂಗ ಸಮಾಧಾನದಿಂದ ಇರ್ತಿ?" ಎಂದು ಕೇಳಿದಳು ಅನ್ನಿ. "ದಿನಾ ಪ್ರಾರ್ಥನಾ ಮಾಡ್ತೀನಿ ತಂಗಿ, ಯೇಸುಸ್ವಾಮಿ ನನ್ನ ಕೈ ಬಿಟ್ಟಿಲ್ಲ" ಎಂದರೆ ಸಾಕು. ಅದು ನಿಮ್ಮ ಅನುಭವ, ಅದನ್ನು ಹೇಳಲು ನಾಚಿಕೆ ಬೇಡ. ಮುಂದಿನದು ಅವಳ ಮನಸ್ಸಿಗೆ, ದೇವರಿಗೆ ಬಿಟ್ಟದ್ದು.

ನಂಬಿಕೆಯನ್ನು ಆಚರಿಸುವ, ಸಾರುವ ಹಕ್ಕು ಸಂವಿಧಾನದ 25ನೇ ವಿಧಿಯಲ್ಲಿದೆ. ಬಲವಂತ, ಆಮಿಷ, ಮೋಸದ ಮತಾಂತರವನ್ನು ತಡೆಯುವ ಕಾಯ್ದೆಯೂ ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದಿದೆ. ಕಾಯ್ದೆ ಇರಲಿ, ಇಲ್ಲದಿರಲಿ, ಆಸೆ ತೋರಿಸಿ ಯಾರನ್ನೂ ಕರೆಯಬಾರದು. ಭೀಮಾ ಹೊಳೆ ಉಕ್ಕಿ ಮನೆಗೆ ನೀರು ಹೊಕ್ಕವನಿಗೆ ಜೋಳದ ಚೀಲ ಕೊಟ್ಟರೆ, ಕೊಟ್ಟು ಸುಮ್ಮನೆ ಬನ್ನಿ. ಅದಕ್ಕೆ ಪ್ರತಿಯಾಗಿ ಸಭೆಗೆ ಬಾ ಎಂದರೆ ಅದು ವ್ಯಾಪಾರ, ಪ್ರೀತಿಯಲ್ಲ.

ಇನ್ನೊಂದು ಮಾತು, ತುಸು ಖಾರವಾದರೂ ಹೇಳುತ್ತೇನೆ. ಒಂದೇ ರೊಟ್ಟಿ, ಒಂದೇ ಪಾತ್ರೆಯಲ್ಲಿ ಪ್ರಭುಭೋಜನ ತೆಗೆದುಕೊಂಡವರು ಮದುವೆಯ ಮಾತು ಬಂದಾಗ ಜಾತಿ ಕೇಳಿದರೆ, ಊರಿಗೆ ನಾವು ಹೇಳಲು ಉಳಿದದ್ದೇನು? ಕುಡಿದು ಬಂದು ಹೆಂಡತಿಯ ಮೇಲೆ ಕೈ ಮಾಡುವವನ ಮನೆಯ ಹಾಡು, ಪ್ರಾರ್ಥನೆಯನ್ನು ಯಾರು ನಂಬಿಯಾರು?

ನೆರೆಯವರ ಸುಖದುಃಖಕ್ಕೆ ಮೊದಲು ಹೋಗುವವರು ನೀವಾಗಿರಿ. ಮಣ್ಣಿಗೆ ಹೋಗಿ ಹೆಗಲು ಕೊಡಿ, ಆಸ್ಪತ್ರೆಯಲ್ಲಿ ರಾತ್ರಿ ಕುಳಿತುಕೊಳ್ಳಿ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಕರೆದರೆ ಪ್ರೀತಿಯಿಂದ ಹೋಗಿ ಕೂಡಿ ಉಣ್ಣಿ. ಕ್ರಿಸ್‌ಮಸ್‌ಗೆ ಅವರನ್ನೂ ಮನೆಗೆ ಕರೆಯಿರಿ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು, "ಕರ್ತನೇ, ಇವತ್ತು ನನ್ನಿಂದ ನಿನ್ನ ಹೆಸರಿಗೆ ಕಳಂಕ ಬರದಿರಲಿ" ಎಂದು ಬೇಡಿಕೊಳ್ಳಿ. ಹಾಗೆ ಬೇಡಿದಂತೆ ಬಾಳಿರಿ. ನಾನು ನಿಮ್ಮಿಂದ ಕೇಳುವುದು ಇಷ್ಟೇ.