ಉತ್ತರ ಕೂಗಬೇಡಿ, ಆಟಕ್ಕೆ ಸೇರಿಕೊಳ್ಳಿ

‘ಡಂಬ್ ಶರಾಡ್ಸ್’ ಆಟ ನಮಗೆಲ್ಲ ಗೊತ್ತು. ಒಬ್ಬರು ಮಾತಿಲ್ಲದೆ ಅಭಿನಯಿಸುತ್ತಾರೆ, ಉಳಿದವರು ಊಹಿಸುತ್ತಾರೆ. ಆದರೆ ಚಿಕ್ಕ ಮಕ್ಕಳ ಗುಂಪಿನಲ್ಲಿ ಇದನ್ನು ಆಡಿಸಿದರೆ ಬಾಯಿ ಜೋರಿರುವ ಇಬ್ಬರು ಮೂವರೇ ಉತ್ತರ ಕೂಗುತ್ತಾರೆ. ಬೇರೆಯವರು ಪ್ರೇಕ್ಷಕರಾಗಿಬಿಡುತ್ತಾರೆ. ನನ್ನ ಮನೆಮಾತು ಉರ್ದು. ಪ್ರೈಮರಿ ಶಾಲೆಯಲ್ಲಿ ಉತ್ತರ ತಿಳಿದಿದ್ದರೂ ಕನ್ನಡ ಪದ ನನ್ನ ಬಾಯಿಗೆ ಬರುವಷ್ಟರಲ್ಲಿ ಬೇರೆ ಯಾರೋ ಹೇಳಿ ಮುಗಿಸುತ್ತಿದ್ದರು. ಆದ್ದರಿಂದ ಎಲ್ಲರಿಗೂ ಜಾಗವಿರುವ ಆಟಗಳು ನನಗೆ ಮುಖ್ಯವೆನಿಸುತ್ತವೆ.

ಇಂಥ ಆಟಗಳನ್ನು ಬೆಳೆಸಿದವರು ಅಮೆರಿಕದ ವಯೋಲಾ ಸ್ಪೋಲಿನ್. ಶಿಕಾಗೋ ನಗರದ ‘ಹಲ್ ಹೌಸ್’ 1889ರಲ್ಲಿ ಆರಂಭವಾದ ಸೇವಾಕೇಂದ್ರ. ವಲಸೆ ಬಂದ ಕುಟುಂಬಗಳ ನಡುವೆ ಅದು ಕೆಲಸ ಮಾಡುತ್ತಿತ್ತು. ಅಲ್ಲಿ ನೀವಾ ಬಾಯ್ಡ್ ಎಂಬ ಶಿಕ್ಷಕಿಯಿಂದ ಸ್ಪೋಲಿನ್ ಗುಂಪು ಆಟಗಳನ್ನು ಕಲಿತರು. ಮುಂದೆ ವಲಸಿಗ ಮಕ್ಕಳಿಗೆ ನಾಟಕ ಕಲಿಸುವಾಗ ಉಪದೇಶಕ್ಕಿಂತ ಆಟವನ್ನೇ ನಂಬಿದರು. 1963ರಲ್ಲಿ ಅವರ ಆಟಗಳು ಪುಸ್ತಕವಾಗಿ ಬಂದವು. ಅವುಗಳಲ್ಲಿ ಮೂರನ್ನು ಇಲ್ಲಿ ನಮಗೆ ಹೊಂದುವಂತೆ ಬರೆದಿದ್ದೇನೆ.

1. ಕನ್ನಡಿ: ಇಬ್ಬರು ಎದುರುಬದುರು ನಿಲ್ಲಬೇಕು. ಒಬ್ಬರು ನಿಧಾನವಾಗಿ ಕೈ, ಮುಖ ಆಡಿಸುತ್ತಾರೆ, ಇನ್ನೊಬ್ಬರು ಕನ್ನಡಿಯಂತೆ ಅದನ್ನೇ ಮಾಡುತ್ತಾರೆ. ಸ್ವಲ್ಪ ಹೊತ್ತಿನ ನಂತರ ಪಾತ್ರ ಬದಲಿಸಿ. ಜೊತೆಗಾರನನ್ನು ಗಮನಿಸುವುದೇ ಇಲ್ಲಿಯ ಪಾಠ.

2. ಯಂತ್ರ: ಒಬ್ಬರು ಒಂದು ಚಲನೆ ಆರಂಭಿಸುತ್ತಾರೆ. ಒಬ್ಬೊಬ್ಬರಾಗಿ ಬಂದು ಅದಕ್ಕೆ ಹೊಂದುವ ಇನ್ನೊಂದು ಭಾಗವಾಗುತ್ತಾರೆ. ಕೊನೆಗೆ ಇಡೀ ಗುಂಪು ಒಂದೇ ಯಂತ್ರ.

3. ನಾವು ಎಲ್ಲಿದ್ದೇವೆ?: ಒಬ್ಬರು ಒಂದು ಸ್ಥಳವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಿಲ್ಲದೆ ಅಲ್ಲಿಯ ಕೆಲಸ ಮಾಡುತ್ತಾರೆ. ಸ್ಥಳ ಗೊತ್ತಾದವರು ಹೆಸರು ಹೇಳುವಂತಿಲ್ಲ. ಒಳಗೆ ಬಂದು ಅದೇ ಸ್ಥಳದ ಬೇರೊಂದು ಕೆಲಸ ಮಾಡಬೇಕು. ಕೊನೆಯವರು ಸೇರುವವರೆಗೂ ಆಟ ನಡೆಯುತ್ತದೆ. ಯಾರಿಗಾದರೂ ಇನ್ನೂ ತಿಳಿದಿಲ್ಲವೆಂದರೆ, ಒಳಗಿರುವವರು ತಮ್ಮ ಅಭಿನಯವನ್ನು ಇನ್ನಷ್ಟು ಸ್ಪಷ್ಟ ಮಾಡಬೇಕು.

ಈ ಆಟಗಳಲ್ಲಿ ಅಂಕ ಬೇಡ, ‘ಔಟ್’ ಬೇಡ. ಸಹಕಾರ ಸಂಘದಲ್ಲಿ ಎಷ್ಟೇ ಷೇರುಗಳಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ ಎಂದು ನಾವು ವ್ಯವಹಾರ ಅಧ್ಯಯನದಲ್ಲಿ ಓದಿದ್ದೇವೆ. ಇಲ್ಲಿಯೂ ಹಾಗೆಯೇ, ಜೋರು ದನಿಗೆ ಹೆಚ್ಚಿನ ಮತವಿಲ್ಲ.

ಬೇಸಿಗೆ ರಜೆಯಲ್ಲಿ ನಮ್ಮ ಓಣಿಯ ಮಕ್ಕಳಿಗೆ ಮೂರನೆಯ ಆಟ ಆಡಿಸಿದೆ. ಒಬ್ಬ ಹುಡುಗ ಬಸ್ ಡ್ರೈವರ್ ಆದ, ಇನ್ನೊಬ್ಬ ಟಿಕೆಟ್ ಹರಿದ. ಗುಂಪಿನಲ್ಲಿ ಯಾವತ್ತೂ ಮಾತಾಡದ ಹುಡುಗಿಯೊಬ್ಬಳು ತಲೆಯ ಮೇಲೆ ಬುಟ್ಟಿ ಹೊತ್ತವಳಂತೆ ಬಂದು ಏನೋ ಅಳೆದು ಕೊಡತೊಡಗಿದಳು. ಕೂಡಲೇ ನಾಲ್ಕು ಕೈಗಳು ಚಾಚಿದವು. ಆಟ ಮುಗಿದ ಮೇಲೆ ಎಲ್ಲರೂ ಅವಳನ್ನೇ ಕೇಳಿದರು, “ಏನು ಮಾರ್ತಿದ್ದಿ?” ಅವಳು “ಫಲ್ಲಿ” ಎಂದಳು. ಪಕ್ಕದವನು “ಶೇಂಗಾ” ಎಂದ. ಅವಳು ಅದನ್ನೂ ಹೇಳಿದಳು.

ಕೆಲಸ ಮೊದಲು ಬಂತು, ಪದ ಆಮೇಲೆ ಬಂತು. ನಿಮ್ಮ ಮನೆಯ ಹತ್ತಿರ ಮಕ್ಕಳ ಗುಂಪಿದ್ದರೆ ಈ ಆಟ ಆಡಿಸಿ. ಬೇಕಾಗುವುದು ಒಂದಿಷ್ಟು ಖಾಲಿ ಜಾಗ ಮತ್ತು ಅರ್ಧ ಗಂಟೆ ಮಾತ್ರ.